ಕೂಳೆ ಹೊಲದ ನೀಲಿ

ವಿಲ್ಫ್ ಲಾರ್ಟರನ ಕೋವಿಗೆ ಕಣ್ಣಿದೆ ಅಂತ ಬ್ರೆಡಿಂಗ್‌ಹ್ಯಾಮ್ ಊರಿನ ಜನ ಆಡಿಕೊಳ್ಳುತ್ತಿದ್ದರು. ಅವನ ಗುರಿ ತಪ್ಪುವುದೇ ಇಲ್ಲ ಅಂತಲ್ಲ. ಗುರಿ ಯಾರಿಗೆ ತಪ್ಪುವುದಿಲ್ಲ? ಹೊಡೆಯಬಾರದ ಹಕ್ಕಿಯ ಮೇಲೆ ಅವನ ಕೋವಿ ಒಂದು ಸಲವೂ ಬಾಯಿ ತೆರೆದಿಲ್ಲ ಅಂತ. ಕಾಡುಪಾರಿವಾಳ ಅಂದರೆ ರೆಕ್ಕೆಯ ಮೇಲೆ ಅಡ್ಡಕ್ಕೆ ಒಂದು ಬಿಳಿ ಪಟ್ಟೆ ಇರಲೇಬೇಕು. ಬಿಳುಪು ಕಂಡರೆ ಹೊಡಿ, ಕಾಣದಿದ್ದರೆ ಕೋವಿ ಇಳಿಸು. ಇಷ್ಟೇ ಅವನ ಶಾಸ್ತ್ರ. ನಲವತ್ತು ವರ್ಷ ಅದರಲ್ಲೇ ನಡೆಸಿದ್ದ, ಕಿವಿಗೊಟ್ಟವರಿಗೆಲ್ಲ ಹೇಳಿಕೊಟ್ಟಿದ್ದ, ಕಿವಿಗೊಡದವರನ್ನು ಹಿಡಿದು ನಿಲ್ಲಿಸಿಯೂ ಹೇಳಿದ್ದ.

ಇದರಲ್ಲಿ ಸಿಡ್ ಥರ್ಟಲನ ಕಥೆ ಒಂದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸಿಡ್ ಒಮ್ಮೆ ಮಂಜು ಕವಿದ ಬೆಳಿಗ್ಗೆ ಯಾರದೋ ಪಂದ್ಯದ ಪಾರಿವಾಳಕ್ಕೆ ಹೊಡೆದುಬಿಟ್ಟಿದ್ದ. ಕಾಲಲ್ಲಿ ಗುರುತಿನ ಉಂಗುರ ಇದ್ದ, ಎಷ್ಟು ದೂರದಲ್ಲಿ ಬಿಟ್ಟರೂ ತನ್ನ ಗೂಡಿಗೇ ಹಾರಿ ಬರುವ ಹಕ್ಕಿ. ಅದರ ಒಡೆಯ ಹನ್ನೆರಡು ಮೈಲಿ ಸೈಕಲ್ ತುಳಿದುಕೊಂಡು ಬಂದು, ಪಬ್ಬಿನ ಬಾಗಿಲಲ್ಲಿ ನಿಂತು, ಸಿಡ್‌ನ ಮುಖ ನೋಡಿ ಹೋಗಿದ್ದ. ಮಾರನೆಯ ದಿನ ಸಿಡ್ ಪಬ್ಬಿಗೆ ಕಾಲಿಟ್ಟಾಗ ಮೂಲೆಯಲ್ಲಿ ಕೂತಿದ್ದ ವಿಲ್ಫ್ ಮೆಲ್ಲಗೆ ಗಂಟಲಲ್ಲೇ 'ಗುಟರ್ ಗೂ' ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅದೇ ಹಿಡಿದುಕೊಂಡಿತು. ಇಪ್ಪತ್ತು ವರ್ಷ ಸಿಡ್ ಎಲ್ಲಿ ಹೋದರೂ ಗುಟರ್ ಗೂ. ಮಗಳ ಮದುವೆಯಲ್ಲಿ, ಪಾದ್ರಿ ಗಂಟಲು ಸರಿಮಾಡಿಕೊಳ್ಳುವ ಹೊತ್ತಿಗೆ ಹಿಂದಿನ ಸಾಲಿನಿಂದ ಯಾರೋ ಗುಟರ್ ಗೂ ಅಂದರು. ಸಿಡ್ ಆಮೇಲೆ ಕೋವಿಯನ್ನು ಮಾರಿಬಿಟ್ಟ. ಶುರು ಮಾಡಿದ್ದು ತಾನು ಅನ್ನುವುದನ್ನು ವಿಲ್ಫ್ ಯಾರಿಗೂ ಮರೆಯಗೊಟ್ಟಿರಲಿಲ್ಲ. ಅದೊಂದು ಹೆಮ್ಮೆ ಅವನಿಗೆ.

ಅವತ್ತು ಮಂಗಳವಾರ, ಸೆಪ್ಟೆಂಬರಿನ ಮೂರನೇ ವಾರ. ಕೆರಿಜ್ ಯಜಮಾನರ ಮೂವತ್ತೆಕರೆಯಲ್ಲಿ ಗೋಧಿ ಕೊಯ್ಲಾಗಿ ಕೂಳೆ ನಿಂತಿತ್ತು. ಉದುರಿದ ಕಾಳಿಗೆ ಕಾಡುಪಾರಿವಾಳಗಳು ಹಿಂಡುಹಿಂಡಾಗಿ ಇಳಿಯುತ್ತಿದ್ದವು. ಅಷ್ಟಕ್ಕೆ ಯಜಮಾನರು ತಲೆಕೆಡಿಸಿಕೊಳ್ಳುವವರಲ್ಲ. ಆದರೆ ಪಕ್ಕದ ಹೊಲದಲ್ಲಿ ಎಣ್ಣೆಸಾಸಿವೆ ಆಗತಾನೆ ಎರಡೆಲೆ ಬಿಟ್ಟಿತ್ತು. ಕಾಳು ಮುಗಿದ ಮೇಲೆ ಹಕ್ಕಿಯ ಕಣ್ಣು ಯಾವ ಕಡೆ ಹೊರಳುತ್ತದೆ ಅಂತ ಅವರಿಗೂ ಗೊತ್ತು, ವಿಲ್ಫ್‌ಗೂ ಗೊತ್ತು. ಸ್ವಲ್ಪ ಬೆದರಿಸಿ ಕಳಿಸು ಮಾರಾಯ, ಶುಕ್ರವಾರ ಕೂಳೆ ಉಳುತ್ತೇನೆ ಅಂತ ಫೋನು ಮಾಡಿದ್ದರು.

ವಿಲ್ಫ್ ಸೋಮವಾರ ಮಧ್ಯಾಹ್ನವೆಲ್ಲ ಕೋವಿಯಿಲ್ಲದೆ ಹೊಲದ ಗೇಟಿನ ಹತ್ತಿರ ಕಾರಿನಲ್ಲಿ ಕೂತು ಸುಮ್ಮನೆ ನೋಡಿದ್ದ. ಹಕ್ಕಿಗಳು ಉತ್ತರದ ತೋಪಿನಿಂದ ಹೊರಟು, ಬೇಲಿಸಾಲಿನ ದೊಡ್ಡ ಆಶ್ ಮರದ ಮೇಲೆ ಹಾದು, ಕೂಳೆಗೆ ಇಳಿಯುತ್ತಿದ್ದವು. ಆಕಾಶದಲ್ಲಿ ಅವುಗಳಿಗೂ ಒಂದು ಕಾಲುದಾರಿ ಇರುತ್ತದೆ, ಅದನ್ನು ಕಂಡುಕೊಂಡರೆ ಅರ್ಧ ಬೇಟೆ ಮುಗಿದ ಹಾಗೆ. ಮಂಗಳವಾರ ಆ ಮರದ ಬುಡದಲ್ಲೇ ಸೇನೆಯವರು ಅಡಗಲು ಬಳಸುವ ಹಳೆಯ ಬಲೆ ಕಟ್ಟಿ, ಸೊಪ್ಪುಸದೆ ಸಿಕ್ಕಿಸಿ ಮರೆ ಮಾಡಿಕೊಂಡ. ಮೂವತ್ತು ಗಜ ಮುಂದೆ ಬೊಂಬೆ ಹಕ್ಕಿಗಳನ್ನು ಕುದುರೆಲಾಳದ ಆಕಾರಕ್ಕೆ, ಎಲ್ಲದರ ಕೊಕ್ಕೂ ಗಾಳಿಗೆ ಮುಖಮಾಡಿ ಜೋಡಿಸಿದ. ನಡುವೆ ಇಳಿಯಲು ಜಾಗ ಬಿಟ್ಟ. ಮೇಲಿಂದ ನೋಡುವ ಹಕ್ಕಿಗೆ ನೆಂಟರ ಊಟದ ಪಂಕ್ತಿಯಲ್ಲಿ ಒಂದು ಎಲೆ ಖಾಲಿ ಕಂಡಂತೆ ಕಾಣಬೇಕು.

ಮೂರು ಗಂಟೆಯ ಹೊತ್ತಿಗೆ ಮೂವತ್ತು ಹಕ್ಕಿ ಬಿದ್ದಿದ್ದವು. ಆಮೇಲೆ ಸೂರ್ಯ ಇಳಿದು ಕಣ್ಣಿಗೇ ಹೊಡೆಯತೊಡಗಿದ. ಅಷ್ಟು ಹೊತ್ತಿಗೆ ಯಾವಾಗಲೂ ಕೋವಿ ಮಡಿಸುವವನು ಅವನು. ಅವತ್ತು ಗಾಳಿ ಚೆನ್ನಾಗಿತ್ತು, ಹಕ್ಕಿ ಬರುತ್ತಿದ್ದವು, ಇನ್ನೊಂದು ಐದು ಅಂತ ಕೂತ.

ಅದು ದಕ್ಷಿಣದಿಂದ ಬಂತು. ಒಂಟಿಯಾಗಿ, ತಗ್ಗಿನಲ್ಲಿ, ದಾರ ಎಳೆದಷ್ಟು ನೇರಕ್ಕೆ. ತೋಪು ಇರುವುದು ಉತ್ತರಕ್ಕೆ, ಈ ಕಡೆಯಿಂದ ಕಾಡುಪಾರಿವಾಳ ಯಾಕೆ ಬರುತ್ತದೆ ಅಂತ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಎದೆ ಬೂದು, ಎದುರಿಗೇ ಬರುತ್ತಿದೆ, ಹಿಂದೆ ಬಿಸಿಲು. ಕಾಡುಪಾರಿವಾಳದ ಕತ್ತಿಗಿರುವ ಬಿಳಿ ಮಚ್ಚೆ ಇರಲಿಲ್ಲ ನಿಜ, ಆದರೆ ಈ ವರ್ಷದ ಮರಿಗಳಿಗೆ ಸೆಪ್ಟೆಂಬರಿನಲ್ಲಿ ಆ ಮಚ್ಚೆ ಇರುವುದಿಲ್ಲ. ರೆಕ್ಕೆಯ ಪಟ್ಟೆ ಎದುರಿನಿಂದ ಕಾಣುವುದಿಲ್ಲ, ಪಕ್ಕಕ್ಕೆ ಹೊರಳಿದಾಗ ಕಾಣುತ್ತದೆ. ಹೊರಳುವವರೆಗೆ ಕಾಯಬೇಕಿತ್ತು. ಅದು ಬೊಂಬೆಗಳನ್ನು ಕಂಡು ರೆಕ್ಕೆ ಹಿಡಿದು, ಆ ಖಾಲಿ ಜಾಗಕ್ಕೆ ಇಳಿಯಹೊರಟಿತು. ವಿಲ್ಫ್ ಹೊಡೆದ.

ಹೊಡೆದ ಹಕ್ಕಿಗಳನ್ನು ಆಗಾಗ ಎದ್ದು ಬೊಂಬೆಗಳ ನಡುವೆ ಕೂರಿಸುವುದು ವಾಡಿಕೆ. ಹೊಟ್ಟೆ ನೆಲಕ್ಕೆ, ಗದ್ದಕ್ಕೊಂದು ಕವಲುಕಡ್ಡಿ ಆಸರೆ. ಪ್ಲಾಸ್ಟಿಕ್ಕಿಗಿಂತ ಸತ್ತ ಹಕ್ಕಿಯೇ ಚೆನ್ನಾಗಿ ಕರೆಯುತ್ತದೆ. ವಿಲ್ಫ್ ಎದ್ದುಹೋಗಿ ಎರಡನ್ನು ಕೂರಿಸಿ ಮೂರನೆಯದಕ್ಕೆ ಕೈ ಹಾಕಿದ. ಎತ್ತಿದ ಕೂಡಲೇ ಕೈಗೆ ಗೊತ್ತಾಯಿತು. ಹಕ್ಕಿ ಹಗುರ. ಎದೆಯ ಮೂಳೆ ಚಾಕುವಿನ ಬಾಯಂತೆ ಎದ್ದಿತ್ತು. ರೆಕ್ಕೆ ಬಿಡಿಸಿದರೆ ಬಿಳಿ ಪಟ್ಟೆ ಇರಲಿಲ್ಲ, ಎರಡು ಕರಿ ಪಟ್ಟೆ ಇದ್ದವು. ಬಲಗಾಲಲ್ಲಿ ಉಂಗುರ. ಉದ್ದ ಗರಿಯ ಮೇಲೆ ನೇರಳೆ ಮುದ್ರೆ, ಅರ್ಧ ಅಳಿಸಿತ್ತು, ಆದರೂ ಓದಬಹುದಿತ್ತು: ಮಾಬ್ಸ್, ಬ್ರೆಡಿಂಗ್‌ಹ್ಯಾಮ್.

ಎನಕ್ ಮಾಬ್ಸ್ ಅವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಹೆಂಡತಿ ತೀರಿಕೊಂಡ ಮೇಲೆ ಪ್ರಾರ್ಥನೆಯ ಚಾಪೆಲ್ಲು ಮತ್ತು ಪಾರಿವಾಳದ ಗೂಡು ಎರಡೇ ಅವನ ಸಂಸಾರ. ಪಾರಿವಾಳದವರು ನೀಲಿ ಅಂತ ಕರೆಯುವ ಬೂದುಬಣ್ಣದ ಈ ಹೆಣ್ಣು, ಅವನು 'ನಮ್ ನೀಲಿ' ಅನ್ನುತ್ತಿದ್ದದ್ದು, ಆಗಸ್ಟಿನಲ್ಲಿ ಫ್ರಾನ್ಸಿನಿಂದ ಬಿಟ್ಟ ಪಂದ್ಯದಲ್ಲಿ ಹಾರಿತ್ತು. ಸಮುದ್ರದ ಮೇಲೆ ಮಂಜು ಬಿದ್ದಿತ್ತು ಅವತ್ತು. ಎನಕ್‌ನ ನಾಲ್ಕರಲ್ಲಿ ಮೂರು ಬಂದವು, ನೀಲಿ ಬರಲಿಲ್ಲ. ಐದು ವಾರದ ಮೇಲಾಗಿತ್ತು. ಗಿಡುಗ ತಿಂದಿರಬೇಕು, ಸಮುದ್ರಕ್ಕೆ ಬಿದ್ದಿರಬೇಕು ಅಂತ ಊರಿಗೆ ಊರೇ ಕೈಬಿಟ್ಟಿತ್ತು. ಎನಕ್ ಬಿಟ್ಟಿರಲಿಲ್ಲ. ದಿನಾ ಸಂಜೆ ಗೂಡಿನ ಬಾಗಿಲು ತೆರೆದಿಟ್ಟು ಆಕಾಶ ನೋಡುತ್ತ ನಿಲ್ಲುತ್ತಿದ್ದ.

ವಿಲ್ಫ್ ಹಕ್ಕಿ ಹಿಡಿದುಕೊಂಡು ಕೂಳೆಯ ನಡುವೆ ನಿಂತಿದ್ದಾಗಲೇ ಬೇಲಿಯಾಚೆಯ ಕಾಲುದಾರಿಯಿಂದ ಸಿಳ್ಳೆ ಕೇಳಿತು. ಚಾಪೆಲ್ಲಿನ ಹಾಡಿನ ಸಿಳ್ಳೆ. ಊರಲ್ಲಿ ಹಾಗೆ ಸಿಳ್ಳೆ ಹಾಕುವವನು ಒಬ್ಬನೇ.

ಆಮೇಲೆ ಎಷ್ಟು ಸಲ ಯೋಚಿಸಿದರೂ ಆ ಕೆಲಸವನ್ನು ತನ್ನ ಕೈ ಹೇಗೆ ಮಾಡಿತು ಅಂತ ವಿಲ್ಫ್‌ಗೆ ಅರ್ಥವಾಗಲಿಲ್ಲ. ಬಗ್ಗಿ, ಹಕ್ಕಿಯನ್ನು ಬಲಗಡೆಯ ಸಾಲಿನ ಕೊನೆಗೆ, ಹೊಟ್ಟೆ ನೆಲಕ್ಕೆ ಮಾಡಿ, ಕಾಲು ಒಳಗೆ ಮಡಿಸಿ, ಬೇರೆಯವುಗಳ ಹಾಗೆಯೇ ಕೂರಿಸಿಬಿಟ್ಟ. ಗದ್ದಕ್ಕೆ ಕಡ್ಡಿ ಇಡಲೂ ಹೊತ್ತಿರಲಿಲ್ಲ. ಮರೆಗೆ ಬಂದು ಕೂತ.

ಎನಕ್ ಬಲೆ ಸರಿಸಿ ಒಳಗೆ ನುಗ್ಗಿದ, ಬಗಲಲ್ಲಿ ಟೀ ಫ್ಲಾಸ್ಕು. ಕೋವಿ ಅಂದರೆ ಆಗದವನು, ಆದರೆ ವಿಲ್ಫ್‌ನ ಮರೆಯಲ್ಲಿ ಕೂತು ಹರಟುವುದೆಂದರೆ ಇಷ್ಟ. ಪಂದ್ಯದ ಶನಿವಾರಗಳಲ್ಲಿ, ಎನಕ್‌ನ ಹಕ್ಕಿಗಳೆಲ್ಲ ಗೂಡು ಸೇರುವವರೆಗೆ ವಿಲ್ಫ್ ಕೋವಿ ಹಿಡಿಯುವುದಿಲ್ಲ ಅಂತ ಅವರಿಬ್ಬರ ನಡುವೆ ಒಂದು ಮಾತು. ನಲವತ್ತು ವರ್ಷದಲ್ಲಿ ಒಮ್ಮೆಯೂ ಮುರಿದಿರಲಿಲ್ಲ. ಪಂದ್ಯದ ಕಾಲ ಮುಗಿದು ಹತ್ತು ದಿನವಾಗಿತ್ತು.

ಎನಕ್ ಹಕ್ಕಿಗಳ ರಾಶಿ ನೋಡಿ, ಪಾಪ ಮೇವಿಸ್, ನಿನ್ನ ಕಟ್ಟಿಕೊಂಡು ಇನ್ನೊಂದು ವಾರ ಪುಕ್ಕದಲ್ಲೇ ಮುಳುಗಿರ್ತಾಳೆ ಅಂದ. ಟೀ ಬಗ್ಗಿಸಿ ಕೊಟ್ಟ. ಚಾಪೆಲ್ಲಿಗೆ ಹೊಸದಾಗಿ ಬಂದ ಉಪದೇಶಿ ಹೇಗೆ ಉಸಿರು ತಗೊಳ್ಳದೆ ಮುಕ್ಕಾಲು ಗಂಟೆ ಮಾತಾಡುತ್ತಾನೆ ಅಂತ ಅವನ ಧಾಟಿಯಲ್ಲೇ ಆಡಿ ತೋರಿಸಿದ. ಬೇರೆ ದಿನವಾಗಿದ್ದರೆ ವಿಲ್ಫ್ ನಕ್ಕು ಟೀ ಚೆಲ್ಲಿಕೊಳ್ಳುತ್ತಿದ್ದ. ಈಗ ಅವನ ಕಣ್ಣು ಬಲಗಡೆಯ ಕೊನೆಯ ಹಕ್ಕಿಯಿಂದ ಈಚೆಗೆ ಬರುತ್ತಿರಲಿಲ್ಲ.

ಎನಕ್‌ನ ಕಣ್ಣೂ ಅಲ್ಲಿಗೇ ಹೋಯಿತು. ಆಕಾಶದಲ್ಲಿ ಹಾರುವ ಹಕ್ಕಿಯನ್ನು ಅರ್ಧ ಮೈಲಿಯಿಂದ ಇದು ನನ್ನದು, ಇದು ಅಲ್ಲ ಅಂತ ರೆಕ್ಕೆ ಬಡಿಯುವ ರೀತಿಯಲ್ಲೇ ಹೇಳಬಲ್ಲವನು ಅವನು. ಕೂತ ಹಕ್ಕಿ ಮಾತ್ರ ಕನ್ನಡಕವಿಲ್ಲದೆ ಅವನಿಗೆ ಮಣ್ಣಹೆಂಟೆ.

"ಆ ಕೊನೇದು ನೋಡೋ, ಕುಡಿದು ಬಿದ್ದಂಗಿದೆ. ಎದ್ದುಹೋಗಿ ಸರಿ ಮಾಡಬಾರ್ದಾ."

"ಇರ್ಲಿ ಬಿಡು."

"ನಿಂಗೆ ಸೊಂಟ ಹಿಡ್ದಿದ್ರೆ ನಾನು ಮಾಡಿ ಬರ್ತೀನಿ." ಎನಕ್ ಫ್ಲಾಸ್ಕಿನ ಮುಚ್ಚಳ ಇಟ್ಟು ಏಳಹೊರಟ.

ವಿಲ್ಫ್ ಅವನ ತೋಳು ಹಿಡಿದೆಳೆದ. "ಕೂತ್ಕೋ. ಹಕ್ಕಿ ಬರ್ತಿವೆ."

ಬರುತ್ತಿದ್ದದ್ದು ಒಂದೇ, ಅದೂ ಎಂಬತ್ತು ಗಜ ಮೇಲೆ. ವಿಲ್ಫ್ ಎರಡೂ ನಳಿಗೆ ಹಾರಿಸಿದ. ಹಕ್ಕಿ ದಾರಿ ಕೂಡ ಬದಲಿಸಲಿಲ್ಲ. ಎನಕ್ ಹೊಟ್ಟೆ ಹಿಡಿದುಕೊಂಡು ನಕ್ಕ, ನಿನ್ನ ಕೋವಿಗೆ ಕಣ್ಣಿದೆ ಅಂತಿದ್ರಲ್ಲೋ, ಇವತ್ತು ಕಣ್ಣುಬೇನೆ ಬಂದಿದೆ ಅಂದ. ಕೊನೆಯ ಹಕ್ಕಿಯ ವಿಷಯ ಮರೆತ.

ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡ. ಆಮೇಲೆ ತಾನು ಬಂದದ್ದು ಯಾಕೆ ಅನ್ನುವುದನ್ನು ಹೇಳಿದ.

"ಭಾನುವಾರದವರ್ಗೆ ನೋಡ್ತೀನಿ ಕಣೋ. ಅಲ್ಲಿಗೆ ಮುಗೀತು."

"ಏನು ಮುಗೀತು?"

"ನೀಲಿ ಕಥೆ. ಹೋದ್ವರ್ಷ ಅದರಣ್ಣ ಹೋದ, ಈ ಮೇ ತಿಂಗಳಲ್ಲಿ ತಂಗಿ ಹೋದ್ಲು. ಈಗ ಇದು. ಒಂದೇ ಅಪ್ಪ ಅಮ್ಮನ ಮೂರು ಹಕ್ಕಿ ದಾರಿ ತಪ್ಪಿದ್ರೆ ತಪ್ಪು ಹಕ್ಕೀದಲ್ಲ, ರಕ್ತದ್ದು. ನಾನೇ ಎಲ್ಲೋ ಜೋಡಿ ಹಾಕೋದ್ರಲ್ಲಿ ಕೆಡಿಸಿದೀನಿ."

ಹಾಗಾದರೆ ಆ ಗೂಡಿನಲ್ಲಿ ಉಳಿದ ನೀಲಿಯ ಒಡಹುಟ್ಟುಗಳು, ಅಪ್ಪ, ಅಮ್ಮ, ಒಟ್ಟು ಆರು ಹಕ್ಕಿಯನ್ನೂ ಅವನು ಮುಗಿಸಿಬಿಡುತ್ತಾನೆ. ವಿಲ್ಫ್‌ಗೆ ಲೆಕ್ಕ ಬೇಕಿರಲಿಲ್ಲ, ಗೊತ್ತಿತ್ತು. ಬೇಡವಾದರೆ ಯಾರಿಗಾದರೂ ಕೊಟ್ಟುಬಿಡು ಅಂದ.

ಎನಕ್ ಅವನ ಮುಖ ನೋಡಿದ. "ಮನೆಗೆ ಬರೋಕೆ ಬರದ ಹಕ್ಕೀನ ಇನ್ನೊಬ್ಬನ ಕೈಗೆ ಹಾಕ್ಲಾ? ಅವನು ಅದಕ್ಕೆ ಕಾಳು ಹಾಕಿ, ಸಾಕಿ, ಕಾದು ಕೂರೋದಾ, ನನ್ನಂಗೆ? ಆಮೇಲೆ ದಾರೀಲಿ ಸಿಕ್ಕಿದ್ರೆ ನಾನು ಯಾವ ಮುಖ ಇಟ್ಕೊಂಡು ಮಾತಾಡ್ಸಲಿ?"

ಪಾರಿವಾಳದವರ ಮರ್ಯಾದೆ ಅದು. ಕೆಟ್ಟ ರಕ್ತವನ್ನು ಊರ ಮೇಲೆ ಬಿಡುವುದಿಲ್ಲ. ತನ್ನ ಕೈಯಾರೆ ಬೆಳೆಸಿದ್ದನ್ನು ತನ್ನ ಕೈಯಾರೆ ಮುಗಿಸುತ್ತಾರೆ. ಬೆರಳೆರಡರ ನಡುವೆ ಕತ್ತು, ಒಂದು ಎಳೆತ.

ಹೇಳಬೇಕಾದದ್ದು ಆಗ. ನಿನ್ನ ಹಕ್ಕಿ ಬಂತು ಎನಕ್, ಫ್ರಾನ್ಸಿನಿಂದ ಇಲ್ಲಿಯವರೆಗೆ ಬಂತು, ಅದೋ ಅಲ್ಲಿದೆ, ಕೊಂದವನು ನಾನು. ನಾಲ್ಕು ಮಾತು. ವಿಲ್ಫ್ ಬಾಯಿ ತೆರೆದ. ಬಾಯಲ್ಲಿ ಬಂದದ್ದು, ಟೀಗೆ ಸಕ್ಕರೆ ಸ್ವಲ್ಪ ಜಾಸ್ತಿಯಾಯಿತು ಅಂತ.

ಎನಕ್ ಹೋದ ಮೇಲೆ ಅವನು ಹಕ್ಕಿಯನ್ನು ಆಶ್ ಮರದ ಬುಡದಲ್ಲಿ ಗುಂಡಿ ತೋಡಿ ಮಣ್ಣುಮಾಡಿದ. ಉಂಗುರವನ್ನು ಕತ್ತರಿಸಿ ವೇಸ್ಟ್‌ಕೋಟಿನ ಜೇಬಿಗೆ ಹಾಕಿಕೊಂಡ. ಅದನ್ನೂ ಹೂತುಬಿಡಬಹುದಿತ್ತು. ಹೂಳದೆ ಇಟ್ಟುಕೊಂಡದ್ದರಿಂದ, ನಾನು ಹೇಳುವವನೇ, ಸ್ವಲ್ಪ ತಡವಾಗುತ್ತಿದೆ ಅಷ್ಟೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಳ್ಳಲು ಅನುಕೂಲವಾಯಿತು.

ಬುಧವಾರ ಎನಕ್ ತಾನೇ ಮನೆಗೆ ಬಂದ, ಪ್ಲಮ್ ಹಣ್ಣಿನ ಬುಟ್ಟಿ ತಗೊಂಡು. ಮೇವಿಸ್ ಎದುರಿಗೆ ಹೇಗೆ ಹೇಳುವುದು ಅಂತ ವಿಲ್ಫ್ ಸುಮ್ಮನಾದ. ಗುರುವಾರ ಎನಕ್‌ನ ಗೇಟಿನವರೆಗೂ ಹೋದ. ಅಲ್ಲಿ ಅಂಚೆಯವನೂ ಇದ್ದ. ಅಂಚೆಯವನ ಕಿವಿಗೆ ಬಿದ್ದರೆ ಸಂಜೆಗೆ ಪಬ್ಬಿನಲ್ಲಿ ಇರುತ್ತದೆ. ಹವೆಯ ಬಗ್ಗೆ ಎರಡು ಮಾತಾಡಿ ವಾಪಸಾದ. ಶುಕ್ರವಾರ ಕೆರಿಜ್ ಯಜಮಾನರ ಟ್ರ್ಯಾಕ್ಟರು ಮೂವತ್ತೆಕರೆಯನ್ನು ಉತ್ತು ಮಗುಚಿತು, ವಿಲ್ಫ್ ಗೇಟಿಗೊರಗಿ ಅದನ್ನೇ ನೋಡುತ್ತ ಅರ್ಧ ದಿನ ಕಳೆದ. ಸಂಜೆ ಪಬ್ಬಿಗೂ ಹೋದ. ಮೂಲೆಯ ತನ್ನ ಕುರ್ಚಿಯಲ್ಲಿ ಕೂತು ಒಬ್ಬೊಬ್ಬರದೇ ಮುಖ ನೋಡಿದ. ಅವರ ಗಂಟಲಿನಿಂದ ಆ ಗುಟರ್ ಗೂ ಹೇಗೆ ಹೊರಡುತ್ತದೆ ಅಂತ ಅವನಿಗೆ ಈಗಲೇ ಕೇಳುತ್ತಿತ್ತು. ಭಾನುವಾರದವರೆಗೆ ಹೊತ್ತಿದೆ ಅಂದುಕೊಂಡ. ಭಾನುವಾರ ಎನಕ್ ಚಾಪೆಲ್ಲಿನಿಂದ ಬರುವಾಗ ದಾರಿಯಲ್ಲೇ ಹಿಡಿದರಾಯಿತು. ದೇವರ ಮಾತು ಕೇಳಿ ಬಂದವನು ಅಷ್ಟು ಸಿಟ್ಟಾಗಲಿಕ್ಕಿಲ್ಲ.

ಶನಿವಾರ ಮಧ್ಯಾಹ್ನದ ಊಟವಾಗಿ ಮೇವಿಸ್ ಪಾತ್ರೆ ತೊಳೆಯುತ್ತಿದ್ದಳು. ಪಾರಿವಾಳದ ಕಡುಬು ಮಾಡಿದ್ದಳು, ವಿಲ್ಫ್ ಮುಟ್ಟಿರಲಿಲ್ಲ. ನಾಲ್ಕು ದಿನದಿಂದ ನೋಡ್ತಿದೀನಿ, ಏನು ನುಂಗ್ಕೊಂಡು ಕೂತಿದೀಯ ಹೇಳು ಅಂದಳು. ವಿಲ್ಫ್ ಉಂಗುರ ತೆಗೆದು ಮೇಜಿನ ಮೇಲಿಟ್ಟ. ಅವಳಿಗೆ ಓದಿ ನೋಡಬೇಕಾಗಲಿಲ್ಲ. ಒದ್ದೆ ಕೈ ಒರೆಸಿಕೊಂಡು ಕುರ್ಚಿ ಎಳೆದುಕೊಂಡು ಕೂತಳು. ಅವನು ಎಲ್ಲ ಹೇಳಿದ. ಎನಕ್ ಹೇಳಿದ್ದನ್ನೂ ಹೇಳಿದ. ನಾಳೆ ಹೇಳುತ್ತೇನೆ, ನಾಳೆಯವರೆಗೆ ಹೊತ್ತಿದೆ ಅಂದ.

ಮೇವಿಸ್ ಅವನನ್ನೇ ನೋಡುತ್ತಿದ್ದಳು. "ಎನಕ್ ಭಾನುವಾರ ಹಿತ್ತಲಲ್ಲಿ ಒಂದು ಕೋಸು ಕೂಡ ಕುಯ್ಯಲ್ಲ. ಹಕ್ಕಿ ಕತ್ತು ಮುರೀತಾನಾ?"

ಅರವತ್ತು ವರ್ಷದಿಂದ ಅವನನ್ನು ಬಲ್ಲವನು ವಿಲ್ಫ್. ಭಾನುವಾರ ದೇವರ ದಿನ, ಎನಕ್ ಬೂಟಿಗೆ ಪಾಲಿಶು ಕೂಡ ಹಾಕುವುದಿಲ್ಲ, ಅದನ್ನು ಶನಿವಾರವೇ ಹಾಕಿಡುತ್ತಾನೆ. ಭಾನುವಾರದ ಕೆಲಸವೆಲ್ಲ ಶನಿವಾರವೇ ಆಗುವ ಮನೆ ಅದು. ಇದು ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಶನಿವಾರ ಅಂದರೆ ಇವತ್ತು.

ಅವನು ಉಂಗುರವನ್ನು ಜೇಬಿಗೆ ಹಾಕಿಕೊಂಡು, ಟೊಪ್ಪಿಗೆಯಿಲ್ಲದೆ, ಮನೆಯೊಳಗಿನ ಚಪ್ಪಲಿಯಲ್ಲೇ ಹೊರಟ. ಓಡುವ ವಯಸ್ಸಲ್ಲ, ಆದರೂ ಮೊದಲ ತಿರುವಿನವರೆಗೆ ಓಡಿದ. ಆಮೇಲೆ ಪಕ್ಕೆ ಹಿಡಿದುಕೊಂಡು ನಡೆದ.

ಎನಕ್ ಹಿತ್ತಲಲ್ಲಿ ಗೂಡಿನ ಮೆಟ್ಟಿಲ ಮೇಲೆ ಕೂತಿದ್ದ. ಕಾಲ ಬುಡದಲ್ಲಿ ಒಂದು ಗೋಣಿಚೀಲ, ಬಾಯಿ ಮಡಿಸಿ ಇಟ್ಟಿತ್ತು. ಮಡಿಲಲ್ಲಿ ಒಂದು ಮುದಿ ಕೆಂಪು ಹೆಣ್ಣು ಹಕ್ಕಿ, ಜೀವಂತ. ನೀಲಿಯ ತಾಯಿ. ಎನಕ್ ಒಂದು ಕೈಯಲ್ಲಿ ಅದರ ಬೆನ್ನು ಸವರುತ್ತಿದ್ದ, ಇನ್ನೊಂದು ಕೈ ಸುಮ್ಮನೆ ಮಂಡಿಯ ಮೇಲಿತ್ತು. ವಿಲ್ಫ್‌ನ ಕಾಲಿನ ಚಪ್ಪಲಿ ನೋಡಿದ.

ಐದು ಆಯಿತು ಅಂದ. ಇದೊಂದಕ್ಕೆ ಕೈ ಬರುತ್ತಿಲ್ಲ, ಹನ್ನೊಂದು ವರ್ಷದ್ದು, ಇದು ಮರಿಯಾಗಿದ್ದಾಗ ಹೆಂಡತಿ ಬದುಕಿದ್ದಳು. ಸ್ವಲ್ಪ ಹೊತ್ತು ಹೀಗೇ ಕೂತಿದ್ದು ಆಮೇಲೆ ಮಾಡುತ್ತೇನೆ ಅಂದ. ಅಳು ಇರಲಿಲ್ಲ ಧ್ವನಿಯಲ್ಲಿ. ದಣಿವು ಇತ್ತು.

ವಿಲ್ಫ್‌ಗೆ ಒಂದು ಕ್ಷಣ ಅನಿಸಿತು, ಈಗ ಹೇಳಿದರೆ ಗಾಯದ ಮೇಲೆ ಉಪ್ಪು, ಹೇಳದೆ ಹೋಗುವುದೇ ದೊಡ್ಡ ಉಪಕಾರ ಅಂತ. ಎಷ್ಟು ಚೆಂದದ ನೆವ. ಆದರೆ ಆ ಕೆಂಪು ಹಕ್ಕಿ ಎನಕ್‌ನ ಬೆರಳನ್ನು ಕೊಕ್ಕಿನಿಂದ ಮೆಲ್ಲಗೆ ಕಚ್ಚಿ ಆಡುತ್ತಿತ್ತು. ಅದರ ಕುತ್ತಿಗೆಯ ಗರಿ ಬಿಸಿಲಿಗೆ ಹೊಳೆಯುತ್ತಿತ್ತು.

ಅವನು ಜೇಬಿನಿಂದ ಉಂಗುರ ತೆಗೆದು ಎನಕ್‌ನ ಮಂಡಿಯ ಮೇಲೆ ಇಟ್ಟ.

"ಅದನ್ನ ಗೂಡೊಳಗೆ ಬಿಡು ಎನಕ್. ನೀಲಿ ಬಂದಿತ್ತು. ಮಂಗಳವಾರ. ನಾನು ಹೊಡೆದೆ."

ಎನಕ್ ಉಂಗುರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ದೂರ ಹಿಡಿದು ನೋಡಿದ. ಕೂಗಾಡುತ್ತಾನೆ ಅಂತ ವಿಲ್ಫ್ ಕಾದ, ಕೂಗಾಡಲಿ ಅಂತಲೂ ಕಾದ. ಎನಕ್ ಕೇಳಿದ್ದು ಬೇರೆ.

"ಯಾವ ಕಡೆಯಿಂದ ಬಂತು?"

"ದಕ್ಷಿಣದಿಂದ."

"ಒಂದೇ?"

"ಒಂದೇ. ಜೊತೇಲಿ ಯಾವುದೂ ಇರ್ಲಿಲ್ಲ."

"ಸುತ್ತು ಹೊಡೀತಿತ್ತಾ, ನೆಟ್ಟಗೆ ಬರ್ತಿತ್ತಾ?"

"ನೆಟ್ಟಗೆ. ದಾರ ಎಳ್ದಂಗೆ."

"ತೂಕ?"

"ಏನೂ ಇರ್ಲಿಲ್ಲ. ಮೂಳೆ."

ಎನಕ್ ತಲೆಯಾಡಿಸಿದ. ವೈದ್ಯ ರೋಗಿಯ ಮಾತು ಕೇಳಿ ಆಡಿಸುವ ಹಾಗೆ. ಎದ್ದು ಕೆಂಪು ಹಕ್ಕಿಯನ್ನು ಗೂಡಿನೊಳಗೆ ಅದರ ಜಾಗದಲ್ಲಿ ಬಿಟ್ಟು, ಅಗುಳಿ ಹಾಕಿದ. ಚೀಲದ ಕಡೆ ನೋಡಲಿಲ್ಲ. ಎಲ್ಲಿ ಅಂತ ತೋರಿಸು ಅಂದ.

ಇಬ್ಬರೂ ಕಾಲುದಾರಿ ಹಿಡಿದು ನಡೆದರು. ಎನಕ್ ಮುಂದೆ, ವಿಲ್ಫ್ ಚಪ್ಪಲಿ ಜಾರಿಸಿಕೊಳ್ಳುತ್ತ ಹಿಂದೆ. ಅರ್ಧ ಮೈಲಿ ದಾರಿ. ಹೊಲದಲ್ಲಿ ಕೂಳೆ ಇರಲಿಲ್ಲ, ಉತ್ತ ಮಣ್ಣು ಕಪ್ಪಗೆ ಹೊಳೆಯುತ್ತ ಬಿದ್ದಿತ್ತು. ಆಶ್ ಮರದ ಬುಡದ ಹೊಸ ಮಣ್ಣನ್ನು ವಿಲ್ಫ್ ತೋರಿಸಿದ. ಎನಕ್ ಅದನ್ನು ನೋಡಿದ, ಬಗ್ಗಲಿಲ್ಲ. ದಕ್ಷಿಣಕ್ಕೆ ತಿರುಗಿ, ಚರ್ಚಿನ ಗೋಪುರದ ಎಡಕ್ಕೆ, ಆಕಾಶದ ಒಂದು ತುಂಡನ್ನೇ ನೋಡುತ್ತ ನಿಂತ. ಹಕ್ಕಿ ಅಲ್ಲಿಂದ ಬರುತ್ತಿರುವ ಹಾಗೆ, ಕಣ್ಣನ್ನು ನಿಧಾನಕ್ಕೆ ಈಚೆಗೆ ಎಳೆದು, ತಲೆಯ ಮೇಲೆ ಹಾಯಿಸಿ, ಪೂರ್ತಿ ಹಿಂದಕ್ಕೆ ತಿರುಗಿದ. ಬೇಲಿಯ ಆಚೆಗೆ, ಮನೆಗಳ ಸಾಲಿನ ಕೊನೆಯಲ್ಲಿ, ಅವನ ಗೂಡಿನ ಹಸಿರು ತಗಡು ಮಾಡು ಸ್ಪಷ್ಟವಾಗಿತ್ತು.

"ಇಲ್ಲಿಂದ ಗೂಡು ಕಾಣ್ಸುತ್ತೆ," ಅಂದ.

ವಿಲ್ಫ್ ನಲವತ್ತು ವರ್ಷ ಆ ಮರದ ಬುಡದಲ್ಲಿ ಕೂತವನು. ಯಾವತ್ತೂ ಆ ಕಡೆ ನೋಡಿರಲಿಲ್ಲ.

"ಹಸಿವಿಗೆ ಇಳಿದಿರ್ಬೇಕು. ಮನೆ ಕಂಡಿದೆ, ಆದ್ರೂ ಕೆಳಗೆ ಹಕ್ಕಿ ತಿಂತಿರೋದು ನೋಡಿ ಒಂದು ಕಾಳು ತಿಂದು ಹೋಗೋಣ ಅಂತ." ಎನಕ್ ಇದನ್ನು ತನಗೇ ಹೇಳಿಕೊಂಡ.

ಬಿಸಿಲು ಎದುರಿಗಿತ್ತು, ಪಟ್ಟೆ ಕಾಣಲಿಲ್ಲ ಅಂತ ವಿಲ್ಫ್ ಶುರುಮಾಡಿದ. ಎನಕ್ ಕೈಯೆತ್ತಿ ತಡೆದ.

"ಹೊಡೆದದ್ದಕ್ಕೆ ಏನೂ ಇಲ್ಲ ಕಣೋ. ಹೊಲಕ್ಕೆ ಇಳಿದ ಹಕ್ಕಿ, ನೀನು ಕೋವಿ ಹಿಡಿದವನು. ಮಂಗಳವಾರವೇ ಹೇಳಿದ್ರೆ ನಿನ್ನ ಜನ್ಮ ಜಾಲಾಡ್ತಿದ್ದೆ. ಒಂದು ವಾರ, ಹೆಚ್ಚಂದ್ರೆ ಹದಿನೈದು ದಿನ ಮಾತು ಬಿಡ್ತಿದ್ದೆ. ಅಷ್ಟೇ ಆಗ್ತಿತ್ತು." ಅವನು ತನ್ನ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. "ಟೀಗೆ ಸಕ್ಕರೆ ಜಾಸ್ತಿ ಅಂದೆಯಲ್ಲೋ ನೀನು."

ಆಮೇಲೆ ಹೊರಟುಹೋದ. ಸಿಳ್ಳೆ ಇರಲಿಲ್ಲ. ವಿಲ್ಫ್ ಹಿಂದೆಯೇ ಹೋಗಲಿಲ್ಲ, ಬರಲೆಂದು ಎನಕ್ ಕಾಯುತ್ತಲೂ ಇರಲಿಲ್ಲ.

ಊರಿಗೆ ಆ ಸಂಗತಿ ಯಾವತ್ತೂ ತಿಳಿಯಲಿಲ್ಲ. ಎನಕ್ ಯಾರಿಗೂ ಹೇಳಲಿಲ್ಲ. ಪಬ್ಬಿನಲ್ಲಿ ಯಾರ ಗಂಟಲೂ ಸದ್ದು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು ಅಂತ ಆ ಚಳಿಗಾಲವೆಲ್ಲ ವಿಲ್ಫ್‌ಗೆ ಅನಿಸುತ್ತಿತ್ತು. ಒಂದು ರಾತ್ರಿ ಸಿಡ್ ಥರ್ಟಲನ ಪಕ್ಕದಲ್ಲಿ ಹೋಗಿ ಕೂತು ಅವನಿಗೊಂದು ಬಿಯರು ತರಿಸಿದ. ಸಿಡ್ ಯಾಕೆ ಅಂತ ಕೇಳಿದ, ಸುಮ್ಮನೆ ಅಂದ ವಿಲ್ಫ್. ಸಿಡ್ ಲೋಟವನ್ನು ಅನುಮಾನದಿಂದ ತಿರುಗಿಸಿ ನೋಡಿ ಕುಡಿದ.

ಎನಕ್ ದಾರಿಯಲ್ಲಿ ಸಿಕ್ಕರೆ ತಲೆಯಾಡಿಸುತ್ತಿದ್ದ. ಚಳಿ ಜಾಸ್ತಿ ಅನ್ನುತ್ತಿದ್ದ, ಮೇವಿಸ್ ಹೇಗಿದ್ದಾಳೆ ಅನ್ನುತ್ತಿದ್ದ. ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ಒಂದು ದಿನ ಇಳಿಯುತ್ತಿತ್ತು.

ಏಪ್ರಿಲಿನಲ್ಲಿ ಎನಕ್ ಪಕ್ಕದೂರಿನಿಂದ ಒಳ್ಳೆಯದೊಂದು ಗಂಡು ಹಕ್ಕಿ ಕೇಳಿ ತಂದು ನೀಲಿಯ ತಾಯಿ ಕೆಂಪಿಗೆ ಜೋಡಿ ಹಾಕಿದ. ಆ ರಕ್ತದಲ್ಲಿ ಉಳಿದದ್ದು ಅದೊಂದೇ. ಕೆಂಪಿ ಎರಡು ಮೊಟ್ಟೆಯಿಟ್ಟಿತು ಅಂತ ಸುದ್ದಿ ಬಂದ ದಿನ ವಿಲ್ಫ್ ಹಿತ್ತಲಲ್ಲಿ ಆಲೂಗಡ್ಡೆ ನೆಡುತ್ತಿದ್ದ, ಗುದ್ದಲಿ ಬಿಟ್ಟು ಒಳಗೆ ಬಂದು ಮೇವಿಸ್‌ಳನ್ನು ಎರಡೆರಡು ಸಲ ಕೇಳಿದ. ಮರಿ ಹೊರಬರಲು ಬೇಕಾದ ಹದಿನೆಂಟು ದಿನ ಎಣಿಸಿದ. ಕ್ಯಾಲೆಂಡರಿನಲ್ಲಿ ಗುರುತು ಹಾಕಿರಲಿಲ್ಲ, ಆದರೂ ಬೆಳಿಗ್ಗೆ ಎದ್ದ ಕೂಡಲೇ ಎಷ್ಟನೆಯ ದಿನ ಅಂತ ತಲೆಯಲ್ಲಿ ಬಂದುಬಿಡುತ್ತಿತ್ತು.

ಇಪ್ಪತ್ತೊಂದನೆಯ ದಿನ ಮೇವಿಸ್ ಅಂಗಡಿಯಿಂದ ಬಂದು ಚೀಲ ಇಳಿಸಿದಳು. ಎನಕ್ ಸಿಕ್ಕಿದ್ದ ಅಂದಳು. ಎರಡೂ ಜೊಳ್ಳಂತೆ, ಕೆಂಪಿಗೆ ವಯಸ್ಸಾಯಿತಂತೆ, ಇನ್ನು ಮೊಟ್ಟೆ ಇಡುವುದಿಲ್ಲವಂತೆ. ಇಷ್ಟು ಹೇಳಿ ಅವಳು ಬ್ರೆಡ್ಡು, ಬೆಣ್ಣೆ, ಒಂದೊಂದೇ ತೆಗೆದು ಕಪಾಟಿನಲ್ಲಿ ಇಡತೊಡಗಿದಳು.

ವಿಲ್ಫ್ ಬೂಟು ಹಾಕಿಕೊಂಡು ಹೊರಗೆ ಹೋದ. ಎನಕ್‌ನ ಗೇಟಿನವರೆಗೆ ಹೋದ. ಗೂಡಿನ ಮೆಟ್ಟಿಲ ಮೇಲೆ ಎನಕ್ ಬೆನ್ನು ಹಾಕಿ ಕೂತಿದ್ದ. ಗೇಟಿನ ಮೇಲೆ ಕೈಯಿಟ್ಟು ವಿಲ್ಫ್ ಬಹಳ ಹೊತ್ತು ನಿಂತ. ಹೇಳಬೇಕಾದ ಮಾತುಗಳನ್ನೆಲ್ಲ ಅವನು ಈಗ ಚೆನ್ನಾಗಿ ಜೋಡಿಸಿಕೊಂಡಿದ್ದ, ಒಂದೂ ಬಾಯಲ್ಲಿ ತೊಡರುವಂತಿರಲಿಲ್ಲ. ಅವು ಬೇಕಿದ್ದದ್ದು ಆ ಮಂಗಳವಾರ ಅಂದುಕೊಂಡು ಗೇಟು ತೆರೆಯದೆಯೇ ಹಿಂದಿರುಗಿದ.